ಅವರೆ ಬೇರಿನ ಗಂಟು: ಹೊಲದೊಳಗೇ ಇರುವ ಗೊಬ್ಬರ



ಮುಂಗಾರು ಹತ್ತಿರ ಬಂತು ಅಂದರೆ ನಮ್ಮ ಸಂಘಗಳ ಸಾಲದ ಪುಸ್ತಕದಲ್ಲಿ ಎರಡು ಕಾರಣ ಮತ್ತೆ ಮತ್ತೆ ಕಾಣುತ್ತೆ. ಒಂದು ಬೀಜ, ಇನ್ನೊಂದು ಗೊಬ್ಬರ. ಬೀಜಕ್ಕೆ ದುಡ್ಡು ಬೇಕೇ ಬೇಕು. ಆದರೆ ಗೊಬ್ಬರಕ್ಕೆ ಅಂತ ತೆಗೆದ ಸಾಲದಲ್ಲಿ ಎಷ್ಟು ಪಾಲು ಅವರೆ, ಅಲಸಂದೆ, ತೊಗರಿ, ಹುರುಳಿ, ಕಡಲೆಕಾಯಿ ಮೇಲೆ ಎರಚುವ ಯೂರಿಯಾಕ್ಕೆ ಹೋಗುತ್ತೆ ಅಂತ ನಾವು ಯಾವತ್ತಾದರೂ ಲೆಕ್ಕ ಹಾಕಿದ್ದೇವೆಯೇ? ರಾಗಿಗೆ ಹಾಕುವಾಗ ಕೈ ತಡೆಯದೆ ಅಕ್ಕಡಿ ಸಾಲಿಗೂ ಹಾಕುತ್ತೇವೆ. ಪಕ್ಕದ ಹೊಲದವರು ಹಾಕಿದರು ಅಂತ ನಾವೂ ಹಾಕುತ್ತೇವೆ.

ಈ ಬೆಳೆಗಳು ತಮಗೆ ಬೇಕಾದ ಸಾರಜನಕದ ಬಹುಪಾಲನ್ನು ತಾವೇ ಗಾಳಿಯಿಂದ ಪಡೆಯಬಲ್ಲವು. ಅದಕ್ಕೆ ಬೇಕಾದ ಏರ್ಪಾಡು ಅವುಗಳ ಬೇರಿನಲ್ಲೇ ಇದೆ. ಆ ಏರ್ಪಾಡಿನ ಹೆಸರೇ ಬೇರುಗಂಟು. ಈ ಗಂಟು ಹೇಗೆ ಹುಟ್ಟುತ್ತೆ, ಏನು ಕೆಲಸ ಮಾಡುತ್ತೆ, ಅದು ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನಾವೇ ಹೇಗೆ ತಿಳಿಯಬಹುದು, ದುಡ್ಡು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ಈ ಸಲ ನೋಡೋಣ.

ಗಾಳಿಯಲ್ಲಿ ತುಂಬಿದೆ, ಗಿಡಕ್ಕೆ ಎಟುಕದು

ಎಲೆ ಹಸಿರಾಗಿ ಬೆಳೆಯಬೇಕಾದರೆ, ಕಾಳಿನಲ್ಲಿ ಪ್ರೋಟೀನ್ ತುಂಬಬೇಕಾದರೆ ಸಾರಜನಕ ಬೇಕು. ಯೂರಿಯಾದಲ್ಲಿ ಇರುವುದೂ ಅದೇ. ಇವತ್ತು ಸಿಗುವ 45 ಕಿಲೋ ಯೂರಿಯಾ ಮೂಟೆಯಲ್ಲಿ ನೂರಕ್ಕೆ 46 ಪಾಲು, ಅಂದರೆ ಸುಮಾರು 21 ಕಿಲೋ ಮಾತ್ರ ಸಾರಜನಕ ಇರುತ್ತೆ.

ಆದರೆ ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ! ಹಾಗಾದರೆ ಗಿಡ ಅದನ್ನೇ ಯಾಕೆ ಬಳಸಿಕೊಳ್ಳಬಾರದು? ಯಾಕೆಂದರೆ ಗಾಳಿಯಲ್ಲಿ ಸಾರಜನಕದ ಕಣಗಳು ಎರಡೆರಡಾಗಿ ಬಲು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಆ ಬಿಗಿ ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ರಾಗಿಗೂ ಇಲ್ಲ, ಭತ್ತಕ್ಕೂ ಇಲ್ಲ, ನಮಗೂ ಇಲ್ಲ. ಬೀಗ ಹಾಕಿದ ಕಣಜದ ಮುಂದೆ ಹಸಿದು ಕೂತ ಹಾಗೆ.

ಕಾರ್ಖಾನೆಯಲ್ಲಿ ಈ ಬೀಗ ಒಡೆಯುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹೇಬರ್ ಕಂಡುಹಿಡಿದರು, ಕಾರ್ಲ್ ಬಾಷ್ ಅದನ್ನು ದೊಡ್ಡ ಕಾರ್ಖಾನೆಗೆ ಅಳವಡಿಸಿದರು. 1913ರಲ್ಲಿ ಅಲ್ಲಿನ ಒಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಅದಕ್ಕೆ 400 ಡಿಗ್ರಿಗೂ ಮೀರಿದ ಶಾಖ ಬೇಕು, ನಮ್ಮ ಸುತ್ತಲ ಗಾಳಿಯ ಒತ್ತಡಕ್ಕಿಂತ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ಅಷ್ಟು ಇಂಧನ ಸುಟ್ಟು ಮಾಡುವ ಕೆಲಸವನ್ನೇ ಅವರೆ ಗಿಡದ ಬೇರಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವಿ, ಮಣ್ಣಿನ ತಂಪಿನಲ್ಲೇ ಕೂತು ಮಾಡುತ್ತೆ. ಅದರ ಹೆಸರು ರೈಜೋಬಿಯಂ. ಇದು ಒಂದು ಜಾತಿಯ ಬ್ಯಾಕ್ಟೀರಿಯಾ.

ಬೇಳೆಕಾಳು ಬೆಳೆದರೆ ಹೊಲಕ್ಕೆ ಒಳ್ಳೆಯದು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅಕ್ಕಡಿ ಸಾಲಿನ ಪದ್ಧತಿ ಅದಕ್ಕೆ ಸಾಕ್ಷಿ. ಅದು ಯಾಕೆ ಒಳ್ಳೆಯದು ಅಂತ ಪ್ರಯೋಗ ಮಾಡಿ ತೋರಿಸಿದವರು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್. ಬರೀ ಮರಳು ತುಂಬಿದ ಕುಂಡಗಳಲ್ಲಿ ಅವರು ಓಟ್ಸ್ ಮತ್ತು ಬಟಾಣಿ ಬೆಳೆಸಿದರು. ಓಟ್ಸ್ ಗಿಡ ಎಷ್ಟು ಸಾರಜನಕ ಕೊಟ್ಟರೆ ಅಷ್ಟೇ ಬೆಳೆಯಿತು. ಚೆನ್ನಾಗಿ ಕಾಯಿಸಿದ ಮರಳಿನಲ್ಲಿ ಬಟಾಣಿಯೂ ಸೊರಗಿತು. ಆದರೆ ಅದಕ್ಕೆ ಹೊಲದ ಮಣ್ಣು ಕಲಸಿದ ನೀರನ್ನು ಸ್ವಲ್ಪ ಹಾಕಿದ್ದೇ ತಡ, ಬೇರಿನಲ್ಲಿ ಗಂಟು ಕಟ್ಟಿತು, ಗಿಡ ಹಸಿರಾಯಿತು. ಇದನ್ನು ಅವರು 1886ರಲ್ಲಿ ಲೋಕಕ್ಕೆ ತಿಳಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬ ವಿಜ್ಞಾನಿ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿ ಬೆಳೆಸಿದರು.

ಗಂಟು ಹುಟ್ಟುವ ಬಗೆ

ಅವರೆ ಬೀಜ ಮೊಳೆತು ಬೇರು ಇಳಿಯುವಾಗ ಗಂಟು ಇರುವುದಿಲ್ಲ. ಬೀಜದೊಳಗೆ ಇದ್ದ ಆಹಾರದಲ್ಲಿ ಗಿಡ ಕೆಲವು ದಿನ ಬದುಕುತ್ತೆ. ಆಮೇಲೆ ಸಾರಜನಕದ ಕೊರತೆ ಕಾಣಿಸಿದಾಗ ಬೇರು ಸುತ್ತಲಿನ ಮಣ್ಣಿಗೆ ಒಂದು ಬಗೆಯ ರಸ ಬಿಡುತ್ತೆ. ಇದು ಗಿಡ ಕೊಡುವ ಕರೆ. ಆ ರಸದ ಗುರುತು ಹಿಡಿದು ಮಣ್ಣಿನಲ್ಲಿರುವ ರೈಜೋಬಿಯಂ ಬೇರಿನ ಹತ್ತಿರ ಬರುತ್ತೆ. ಬಂದು ಸುಮ್ಮನಿರುವುದಿಲ್ಲ, ತಾನೂ ಒಂದು ರಸ ಬಿಟ್ಟು ಉತ್ತರ ಕೊಡುತ್ತೆ. ಒಬ್ಬರ ಗುರುತು ಇನ್ನೊಬ್ಬರಿಗೆ ಸರಿ ಕಂಡರೆ ಮಾತ್ರ ಮುಂದಿನ ಕೆಲಸ.

ಬೇರಿನ ಮೇಲೆ ಕೂದಲಿಗಿಂತ ಸಣ್ಣ ರೋಮಗಳು ಇರುತ್ತವೆ. ಉತ್ತರ ಸಿಕ್ಕ ಕೂಡಲೇ ಬೇರಿನ ರೋಮ ಕೊಕ್ಕೆಯ ಹಾಗೆ ಸುರುಳಿ ಸುತ್ತಿಕೊಂಡು ಬ್ಯಾಕ್ಟೀರಿಯಾವನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತೆ. ಅಲ್ಲಿಂದ ಒಳಕ್ಕೆ ಗಿಡವೇ ಒಂದು ಸಣ್ಣ ಕೊಳವೆ ಮಾಡಿಕೊಡುತ್ತೆ. ಆ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತಾ ಹೆಚ್ಚುತ್ತಾ ಬೇರಿನ ಒಳಗೆ ಸಾಗುತ್ತೆ. ಅಷ್ಟರಲ್ಲಿ ಒಳಗಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಉಬ್ಬಿ ಮನೆ ಸಿದ್ಧಮಾಡಿರುತ್ತವೆ. ಆ ಉಬ್ಬೇ ನಾವು ನೋಡುವ ಗಂಟು. ಕಡಲೆಕಾಯಿಯಲ್ಲಿ ಮಾತ್ರ ದಾರಿ ಬೇರೆ. ಅಲ್ಲಿ ಪಕ್ಕದ ಬೇರು ಒಡೆದು ಬರುವ ಜಾಗದ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ. ಆದ್ದರಿಂದ ಕಡಲೆಕಾಯಿ ಗಿಡ ಕಿತ್ತರೆ ಕವಲು ಬೇರು ಒಡೆದ ಕಡೆಯೇ ಗಂಟು ಕೂತಿರುವುದನ್ನು ನೋಡಬಹುದು.

ಬಿತ್ತಿದ ಎರಡು ಮೂರು ವಾರದೊಳಗೆ ಗಂಟು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತೆ. ಹೂ ಬಿಡುವ ಹೊತ್ತಿಗೆ ಅದರ ಕೆಲಸ ಜೋರು. ಕಾಯಿ ಬಲಿಯುವಾಗ ಗಿಡ ತನ್ನ ಶಕ್ತಿಯನ್ನೆಲ್ಲ ಕಾಳಿಗೆ ಕಳಿಸುವುದರಿಂದ ಗಂಟು ಸೊರಗಿ ಕೊಳೆಯುತ್ತೆ, ಒಳಗಿದ್ದ ಬ್ಯಾಕ್ಟೀರಿಯಾದಲ್ಲಿ ಕೆಲವು ಮತ್ತೆ ಮಣ್ಣು ಸೇರುತ್ತವೆ.

ಕೊಟ್ಟು ತೆಗೆದುಕೊಳ್ಳುವ ವ್ಯವಹಾರ

ಇದು ಧರ್ಮಕ್ಕೆ ನಡೆಯುವ ಕೆಲಸ ಅಲ್ಲ. ಗಿಡ ಬಿಸಿಲಲ್ಲಿ ಎಲೆಯಿಂದ ಸಕ್ಕರೆ ಮಾಡಿ ಗಂಟಿಗೆ ಇಳಿಸುತ್ತೆ. ಬ್ಯಾಕ್ಟೀರಿಯಾ ಆ ಸಕ್ಕರೆ ತಿಂದು, ಗಾಳಿಯ ಸಾರಜನಕವನ್ನು ಅಮೋನಿಯ ಮಾಡಿ ಗಿಡಕ್ಕೆ ಕೊಡುತ್ತೆ. ಸಂಘದಲ್ಲಿ ಉಳಿತಾಯ ಕಟ್ಟದೆ ಸಾಲ ಸಿಗುತ್ತದೆಯೇ? ಹಾಗೇ ಇಲ್ಲಿಯೂ.

ಒಂದು ತೊಡಕು ಇದೆ. ಸಾರಜನಕ ಬಿಡಿಸುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಟ್ಟುಹೋಗುತ್ತೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕು! ಇದಕ್ಕೆ ಗಿಡ ಒಂದು ಉಪಾಯ ಮಾಡಿಕೊಂಡಿದೆ. ನಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಇರುವ ಹಾಗೆ ಗಂಟಿನಲ್ಲಿಯೂ ಅದರ ತಂಗಿಯಂಥ ಒಂದು ವಸ್ತು ಇದೆ. ಅದನ್ನು ಲೆಗ್‌ಹಿಮೋಗ್ಲೋಬಿನ್ ಅಂತಾರೆ. ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟೇ ಅಳೆದು ಕೊಡುತ್ತೆ. ಅದಕ್ಕೂ ಕಬ್ಬಿಣದ ಅಂಶ ಬೇಕು, ಅದರ ಬಣ್ಣವೂ ಕೆಂಪೇ. ನಮ್ಮಲ್ಲಿ ರಕ್ತ ಕಡಿಮೆಯಾದರೆ ಕಣ್ಣಿನ ಒಳರೆಪ್ಪೆ ಬಿಳಚಿಕೊಳ್ಳುತ್ತೆ ಅಂತ ಆರೋಗ್ಯ ತರಬೇತಿಯಲ್ಲಿ ಕೇಳಿದ್ದೀರಿ. ಗಂಟಿನ ಆರೋಗ್ಯವನ್ನೂ ಬಣ್ಣ ನೋಡಿಯೇ ತಿಳಿಯಬಹುದು.

ಎಲ್ಲ ಬ್ಯಾಕ್ಟೀರಿಯಾವೂ ನಿಯತ್ತಿನವು ಅಲ್ಲ. ಕೆಲವು ಗಂಟಿನೊಳಗೆ ಸೇರಿಕೊಂಡು ಸಕ್ಕರೆ ತಿಂದು ಕೆಲಸ ಮಾಡದೆ ಕೂರುತ್ತವೆ. ಇದಕ್ಕೆ ಗಿಡ ಏನು ಮಾಡುತ್ತೆ? ಸೋಯಾ ಅವರೆಯ ಮೇಲೆ ಮಾಡಿದ, 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದು ತಿಳಿದುಬಂತು. ವಿಜ್ಞಾನಿಗಳು ಕೆಲವು ಗಂಟುಗಳಿಗೆ ಸಾರಜನಕ ಸಿಗದ ಹಾಗೆ ಮಾಡಿದರು. ಆಗ ಅವು ಬೇಕೆಂದರೂ ಕೆಲಸ ಮಾಡಲು ಆಗಲಿಲ್ಲ. ಗಿಡ ಅಂಥ ಗಂಟುಗಳಿಗೆ ಆಮ್ಲಜನಕ ಕಡಿಮೆ ಮಾಡಿತು, ಅಲ್ಲಿ ಬ್ಯಾಕ್ಟೀರಿಯಾ ಸರಿಯಾಗಿ ಹೆಚ್ಚಲಿಲ್ಲ. ಕಂತು ಕಟ್ಟದವರಿಗೆ ಮುಂದಿನ ಸಾಲ ನಿಲ್ಲಿಸುವ ನಿಯಮ ಗಿಡಕ್ಕೂ ಗೊತ್ತು!

ಯೂರಿಯಾ ಹೆಚ್ಚಾದರೆ ಏನಾಗುತ್ತೆ?

ಗಂಟು ಸಾಕುವುದು ಗಿಡಕ್ಕೆ ಖರ್ಚಿನ ಕೆಲಸ. ಮಣ್ಣಿನಲ್ಲಿ ಯೂರಿಯಾ ಬೇಕಾದಷ್ಟು ಇದ್ದರೆ ಗಿಡ ಆ ಖರ್ಚು ಯಾಕೆ ಮಾಡುತ್ತೆ? ಬೇರು ಕರೆ ಕೊಡುವುದನ್ನೇ ಕಡಿಮೆ ಮಾಡುತ್ತೆ. ಗಂಟು ಕಡಿಮೆ ಆಗುತ್ತೆ, ಆದ ಗಂಟೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಿಡ ಎಲೆ ಎಲೆಯಾಗಿ ಸೊಕ್ಕಿ ಬೆಳೆಯುತ್ತೆ, ಕಾಯಿ ಮಾತ್ರ ಅದಕ್ಕೆ ತಕ್ಕ ಹಾಗೆ ಬರುವುದಿಲ್ಲ. ಅಂದರೆ ಪುಕ್ಕಟೆ ಸಿಗುತ್ತಿದ್ದ ಸಾಮಾನನ್ನು ತಡೆದು, ಅದೇ ಸಾಮಾನನ್ನು ಸಾಲ ಮಾಡಿ ಕೊಂಡ ಹಾಗಾಯಿತು.

ಹಾಗಂತ ಈ ಬೆಳೆಗಳಿಗೆ ಏನೂ ಹಾಕಬೇಡಿ ಅಂತ ನಾವು ಹೇಳುತ್ತಿಲ್ಲ. ಗಂಟು ಕೆಲಸ ಶುರು ಮಾಡುವ ತನಕ ಎಳೆ ಗಿಡಕ್ಕೆ ಸ್ವಲ್ಪ ಸಾರಜನಕ ಬೇಕು. ಅದಕ್ಕೇ ಕೃಷಿ ಇಲಾಖೆಯವರು ಬಿತ್ತುವಾಗ ಸ್ವಲ್ಪ ಪ್ರಮಾಣ ಹೇಳುತ್ತಾರೆ. ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ರಂಜಕ ಬಹಳ ಮುಖ್ಯ, ಅದು ಇಲ್ಲದೆ ಗಂಟು ಬಲಿಯುವುದಿಲ್ಲ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಬೇಕಾಗಬಹುದು. ಹೊಲದಲ್ಲಿ ನೀರು ನಿಂತರೆ ಗಂಟಿಗೆ ಉಸಿರು ಕಟ್ಟುತ್ತೆ, ಆದ್ದರಿಂದ ಕಾಲುವೆ ತೆಗೆದು ನೀರು ಬಸಿದು ಹೋಗುವ ಹಾಗೆ ಮಾಡಿ. ನಿಲ್ಲಿಸಬೇಕಾದ್ದು ಗಂಟು ಚೆನ್ನಾಗಿರುವ ಬೆಳೆಗೆ ಮೇಲುಗೊಬ್ಬರವಾಗಿ ಎರಚುವ ಯೂರಿಯಾ.

ಒಂದು ಮಾತು ನೆನಪಿರಲಿ. ತರಕಾರಿಗೆ ಬೆಳೆಯುವ ಹುರುಳಿಕಾಯಿ ಅಂದರೆ ಬೀನ್ಸ್ ಈ ಕೆಲಸದಲ್ಲಿ ಸ್ವಲ್ಪ ಹಿಂದೆ. ಅದರ ಗಂಟು ಸಾಕಷ್ಟು ಸಾರಜನಕ ಕೊಡುವುದಿಲ್ಲ, ಅದಕ್ಕೆ ಗೊಬ್ಬರ ಬೇಕಾಗುತ್ತೆ. ಕಾಯಿ ಬಿಡುವ ಎಲ್ಲ ಗಿಡಕ್ಕೂ ಗಂಟು ಇರುತ್ತೆ ಅಂತಲೂ ತಿಳಿಯಬೇಡಿ. ಹುಣಸೆ ಮರ, ತಂಗಡಿ ಗಿಡ ಇದೇ ದೊಡ್ಡ ಕುಟುಂಬಕ್ಕೆ ಸೇರಿದ್ದರೂ ಅವುಗಳ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಬದುವಿನ ಮೇಲೆ ಬೆಳೆಯುವ ಮುಟ್ಟಿದರೆ ಮುನಿ ಗಿಡದಲ್ಲಿ ಮಾತ್ರ ಗಂಟು ಇರುತ್ತೆ!

ಮೊದಲು ನೋಡಿ, ಆಮೇಲೆ ದುಡ್ಡು ಹಾಕಿ

ಬಿತ್ತಿ ನಾಲ್ಕೈದು ವಾರ ಆದ ಮೇಲೆ, ಹೂವು ಕಾಣಿಸುವ ಹೊತ್ತಿಗೆ ಈ ಪರೀಕ್ಷೆ ಮಾಡಿ. ಇದಕ್ಕೆ ಖರ್ಚು ಏನೂ ಇಲ್ಲ.

1. ಹೊಲದ ಬೇರೆ ಬೇರೆ ಕಡೆ ಐದಾರು ಗಿಡ ಆರಿಸಿಕೊಳ್ಳಿ. ಕೈಯಿಂದ ಎಳೆದು ಕೀಳಬೇಡಿ, ಗಂಟು ಮಣ್ಣಿನಲ್ಲೇ ಉಳಿದುಬಿಡುತ್ತೆ. ಗುದ್ದಲಿಯಿಂದ ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿ.

2. ಬಕೆಟ್ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮಣ್ಣು ತಾನಾಗಿ ಬಿಡಲಿ.

3. ಗಂಟು ಎಲ್ಲಿದೆ, ಎಷ್ಟಿದೆ ನೋಡಿ. ತಾಯಿ ಬೇರಿನ ಮೇಲ್ಭಾಗದಲ್ಲಿ ದಪ್ಪ ಗಂಟುಗಳು ಇದ್ದರೆ ಒಳ್ಳೆಯದು.

4. ಉಗುರಿನಿಂದಲೋ ಬ್ಲೇಡಿನಿಂದಲೋ ಗಂಟನ್ನು ಸೀಳಿ ಒಳಗಿನ ಬಣ್ಣ ನೋಡಿ. ಗುಲಾಬಿ ಅಥವಾ ಕೆಂಪು ಇದ್ದರೆ ಗಂಟು ದುಡಿಯುತ್ತಿದೆ. ಬಿಳಿ ಇದ್ದರೆ ಇನ್ನೂ ಎಳೆಯದು, ಅಥವಾ ಒಳಗಿರುವುದು ಕೆಲಸ ಮಾಡದ ಬ್ಯಾಕ್ಟೀರಿಯಾ. ಹಸಿರು ಅಥವಾ ಕಂದು ಇದ್ದರೆ ಅದರ ಕೆಲಸ ಮುಗಿಯಿತು.

5. ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಬೆರಳಲ್ಲಿ ತೀಡಿದರೆ ಸುಲಭವಾಗಿ ಉದುರಿದರೆ ಅದು ಒಳ್ಳೆಯ ಗಂಟು. ಬೇರೇ ಊದಿಕೊಂಡು, ತೀಡಿದರೂ ಬಿಡದಿದ್ದರೆ ಅದು ಜಂತುಹುಳದ ರೋಗದ ಗಂಟು. ಟೊಮೆಟೊ, ಬದನೆ ಬೇರಿನಲ್ಲಿ ಕಾಣುವ ಗಂಟು ಯಾವಾಗಲೂ ರೋಗದ್ದೇ, ಏಕೆಂದರೆ ಆ ಗಿಡಗಳಿಗೆ ರೈಜೋಬಿಯಂ ಗಂಟು ಕಟ್ಟುವುದಿಲ್ಲ. ಎರಡನ್ನೂ ಒಂದೇ ಅಂತ ತಿಳಿದು ಮೋಸ ಹೋಗಬೇಡಿ.

ಕೆಂಪು ಗಂಟು ಚೆನ್ನಾಗಿ ಕಂಡರೆ ಯೂರಿಯಾ ತರಲು ಪೇಟೆಗೆ ಹೋಗುವ ಅಗತ್ಯ ಇಲ್ಲ. ಗಂಟು ಇಲ್ಲ, ಎಲೆಯೂ ಹಳದಿ ಅಂದರೆ ಈ ಸಲ ರೈತ ಸಂಪರ್ಕ ಕೇಂದ್ರದಲ್ಲಿ ಸಲಹೆ ಕೇಳಿ, ಮುಂದಿನ ಸಲ ಬೀಜೋಪಚಾರ ಮಾಡಿ.

ಬೀಜೋಪಚಾರ ಮಾಡುವ ಕ್ರಮ

ಅಕ್ಕಡಿಯಾಗಿ ಅಲಸಂದೆ, ಅವರೆ, ತೊಗರಿ ವರ್ಷಾ ವರ್ಷಾ ಬೆಳೆದ ಹೊಲದಲ್ಲಿ ಅವಕ್ಕೆ ಒಗ್ಗುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಮೊದಲೇ ಇರುತ್ತೆ. ಅಲ್ಲಿ ಹೊರಗಿನಿಂದ ಹಾಕಿದರೆ ಸಿಗುವ ಲಾಭ ಕಡಿಮೆ ಇರಬಹುದು. ಹೊಸದಾಗಿ ಸೋಯಾ ಅವರೆಯನ್ನೋ ಕಡಲೆಯನ್ನೋ ಹಾಕುವ ಹೊಲದಲ್ಲಿ ಲಾಭ ಹೆಚ್ಚು, ಏಕೆಂದರೆ ಆ ಬೆಳೆಗೆ ಬೇಕಾದ ಜಾತಿಯೇ ಬೇರೆ. ಅಲಸಂದೆ, ಹೆಸರು, ಉದ್ದು, ತೊಗರಿ, ಹುರುಳಿ, ಅವರೆ, ಕಡಲೆಕಾಯಿ ಹೆಚ್ಚು ಕಡಿಮೆ ಒಂದೇ ಗುಂಪು. ಸೋಯಾ ಒಂದು, ಕಡಲೆ ಒಂದು, ಬಟಾಣಿ ಇನ್ನೊಂದು. ಆದ್ದರಿಂದ ರೈಜೋಬಿಯಂ ಪೊಟ್ಟಣ ಕೊಳ್ಳುವಾಗ ಅದರ ಮೇಲೆ ನಿಮ್ಮ ಬೆಳೆಯ ಹೆಸರು ಇದೆಯೇ ನೋಡಿ. ತಯಾರಾದ ದಿನ, ಮುಗಿಯುವ ದಿನ ಓದಿ. ಓದಲು ಬಾರದಿದ್ದರೆ ಸಂಘದಲ್ಲಿ ಓದು ಬಲ್ಲವರ ಕೈಗೆ ಕೊಟ್ಟು ಓದಿಸಿ, ನಾಚಿಕೆ ಬೇಡ.

ಪೊಟ್ಟಣದಲ್ಲಿ ಇರುವುದು ಪುಡಿಯಲ್ಲ, ಜೀವ. ಬಿಸಿಲಿನಲ್ಲಿ ಇಟ್ಟ, ಒಲೆ ಪಕ್ಕ ಇಟ್ಟ, ಗೊಬ್ಬರದ ಮೂಟೆ ಮೇಲೆ ಎಸೆದ ಪೊಟ್ಟಣ ಹೊರಗೆ ನೋಡಲು ಚೆನ್ನಾಗಿಯೇ ಇರುತ್ತೆ, ಒಳಗೆ ಎಲ್ಲವೂ ಸತ್ತಿರುತ್ತೆ. ತಂಪಾದ ಕತ್ತಲೆ ಮೂಲೆಯಲ್ಲಿ ಇಡಿ.

ಮಾಡುವ ವಿಧಾನ ಹೀಗೆ:

• ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ ಪೂರ್ತಿ ಆರಿಸಿ. ಬಿಸಿ ಇದ್ದರೆ ಬ್ಯಾಕ್ಟೀರಿಯಾ ಸಾಯುತ್ತೆ.

• 200 ಗ್ರಾಂ ಪೊಟ್ಟಣವನ್ನು ಅದರಲ್ಲಿ ಕಲಸಿ ಅಂಟು ಮಾಡಿಕೊಳ್ಳಿ. ಇದು ಸುಮಾರು 10 ಕಿಲೋ ಬೀಜಕ್ಕೆ ಸಾಕು. ಬೀಜ ನೆನೆದು ಒದ್ದೆಯಾಗದಂತೆ ಬೇಕಾದಷ್ಟೇ ಬಳಸಿ.

• ಗೋಣಿತಾಟಿನ ಮೇಲೆ ಬೀಜ ಹರಡಿ, ಅಂಟನ್ನು ಚಿಮುಕಿಸಿ ಎಲ್ಲ ಬೀಜಕ್ಕೂ ಹತ್ತುವ ಹಾಗೆ ಕೈಯಾಡಿಸಿ. ಕಡಲೆಕಾಯಿ ಬೀಜದ ಸಿಪ್ಪೆ ಸುಲಿಯುತ್ತೆ, ಅದನ್ನು ಮೆಲ್ಲಗೆ ಹೊರಳಿಸಿ.

• ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತಿ.

• ಬೀಜಕ್ಕೆ ರೋಗದ ಔಷಧಿ ಹಚ್ಚುವುದಿದ್ದರೆ ಅದನ್ನು ಮೊದಲು ಹಚ್ಚಿ ಒಣಗಿಸಿ, ರೈಜೋಬಿಯಂ ಕೊನೆಯಲ್ಲಿ. ರಾಸಾಯನಿಕ ಗೊಬ್ಬರದ ಜೊತೆ ಕಲಸಲೇಬೇಡಿ.

ಕಟಾವಿನಲ್ಲಿ ಕೈತಪ್ಪುವ ಗೊಬ್ಬರ

ಬೇರುಗಂಟು ಕೊಡುವ ಸಾರಜನಕ ಬೆಳೆ, ಮಣ್ಣು, ಮಳೆ ನೋಡಿಕೊಂಡು ಬದಲಾಗುತ್ತೆ. ಮಳೆ ಕೈಕೊಟ್ಟರೆ ಹೆಕ್ಟೇರಿಗೆ ಕೆಲವೇ ಕಿಲೋ, ಎಲ್ಲ ಕೂಡಿಬಂದರೆ ನೂರು ಕಿಲೋ ಮೀರಬಹುದು. ಆದರೆ ಅದೆಲ್ಲ ಹೊಲದಲ್ಲೇ ಉಳಿಯುತ್ತೆ ಅಂತ ತಿಳಿಯುವುದು ತಪ್ಪು. ಅದರಲ್ಲಿ ದೊಡ್ಡ ಪಾಲು ಕಾಳಿಗೆ ಹೋಗುತ್ತೆ. ಅದೇ ನಮ್ಮ ಮಕ್ಕಳ ತಟ್ಟೆಯ ಪ್ರೋಟೀನ್. ಉಳಿದದ್ದು ಎಲೆ, ಕಾಂಡ, ಬೇರಿನಲ್ಲಿರುತ್ತೆ. ಇಡೀ ಗಿಡ ಕಿತ್ತು, ಹೊಟ್ಟನ್ನೂ ಮಾರಿ, ಕಡ್ಡಿಯನ್ನು ಸುಟ್ಟರೆ ಹೊಲಕ್ಕೆ ಏನು ಉಳಿಯಿತು?

ಆದ್ದರಿಂದ ಸಾಧ್ಯವಾದ ಕಡೆ ಕುಡುಗೋಲಿನಿಂದ ಬುಡಕ್ಕೆ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಡಿ. ಕಡಲೆಕಾಯಿಯನ್ನು ಕೀಳಲೇಬೇಕು, ಅದರ ಬಳ್ಳಿಯನ್ನು ದನಕ್ಕೆ ಹಾಕಿ, ಆ ಗೊಬ್ಬರ ತಿಪ್ಪೆಯಿಂದ ಅದೇ ಹೊಲಕ್ಕೆ ಬರಲಿ. ತೊಗರಿ ಉದುರಿಸುವ ಎಲೆ ಗುಡಿಸಬೇಡಿ. ಪಕ್ಕದ ರಾಗಿಗೆ ಅದೇ ವರ್ಷ ಅಕ್ಕಡಿ ಸಾಲಿನಿಂದ ಹೆಚ್ಚೇನೂ ಸಿಗುವುದಿಲ್ಲ. ಅವರೆ ತನ್ನ ಊಟ ತಾನೇ ನೋಡಿಕೊಳ್ಳುವುದರಿಂದ ರಾಗಿಯ ಪಾಲಿಗೆ ಕೈ ಹಾಕುವುದಿಲ್ಲ, ಅದೇ ಆ ವರ್ಷದ ಉಪಕಾರ. ಬೇರು, ಎಲೆ ಕೊಳೆತ ಮೇಲೆ ಮುಂದಿನ ಬೆಳೆಗೆ ಪಾಲು ಸಿಗುತ್ತೆ. ಮಣ್ಣಿಗೇ ಪೂರ್ತಿ ಕೊಡಬೇಕು ಅಂತಿದ್ದರೆ ಸೆಣಬನ್ನೋ ಡಯಾಂಚವನ್ನೋ ಬಿತ್ತಿ, ಹೂ ಬಿಡುವಾಗ ಮಡಕೆ ಹೊಡೆದು ಮಣ್ಣಿಗೆ ಸೇರಿಸಿ. ಅದರಲ್ಲಿ ಕಾಳು ಕೊಯ್ಯುವುದಿಲ್ಲವಾದ್ದರಿಂದ ಎಲ್ಲವೂ ಹೊಲಕ್ಕೇ.

ಗೊಬ್ಬರದ ಅಂಗಡಿಗೆ ಹೋಗಿಬರುವವರು ಹೆಚ್ಚಾಗಿ ಗಂಡಸರು. ಆದರೆ ಕಳೆ ಕೀಳುವವರು, ಗಿಡದ ಬುಡ ದಿನಾ ನೋಡುವವರು ನಾವು. ಎಷ್ಟು ಮೂಟೆ ತರಬೇಕು ಎಂಬ ಮಾತು ಮನೆಯಲ್ಲಿ ಬಂದಾಗ ತೊಳೆದ ಬೇರನ್ನು ಜಗಲಿಯ ಮೇಲೆ ಇಟ್ಟು, ಗಂಟು ಸೀಳಿ ಒಳಗಿನ ಬಣ್ಣ ತೋರಿಸಿ. ನಮ್ಮ ಮಾತಿಗಿಂತ ಅದು ಜೋರಾಗಿ ಮಾತಾಡುತ್ತೆ. ಒಮ್ಮೆಲೇ ಇಡೀ ಹೊಲದಲ್ಲಿ ನಿಲ್ಲಿಸಲು ಧೈರ್ಯ ಬಾರದಿದ್ದರೆ ನಾಲ್ಕು ಸಾಲಿಗೆ ಮೇಲುಗೊಬ್ಬರ ಹಾಕದೆ ಬಿಟ್ಟು, ಕಾಳನ್ನು ಬೇರೆ ಬೇರೆ ಅಳೆದು ನೋಡಿ.

ಸಂಘದ ಸಭೆಯಲ್ಲಿ ಚರ್ಚೆಗೆ

1. ಹೋದ ವರ್ಷ ನಮ್ಮ ಸಂಘದಿಂದ ಗೊಬ್ಬರಕ್ಕೆ ಅಂತ ಎಷ್ಟು ಸಾಲ ಹೋಯಿತು? ಅದರಲ್ಲಿ ಬೇಳೆಕಾಳಿನ ಬೆಳೆಗೆ ಎಷ್ಟು?

2. ಯಾರ ಹೊಲದಲ್ಲಿ ಅಕ್ಕಡಿ ಇನ್ನೂ ಇದೆ, ಯಾರು ಬಿಟ್ಟರು, ಯಾಕೆ ಬಿಟ್ಟರು?

3. ಹೂ ಬಿಡುವ ಕಾಲದಲ್ಲಿ ಸದಸ್ಯೆಯರೆಲ್ಲ ಸೇರಿ ಯಾರ ಯಾರ ಹೊಲದಲ್ಲಿ ಬೇರು ನೋಡೋಣ? ದಿನ ಗೊತ್ತು ಮಾಡಿ.

4. ರೈಜೋಬಿಯಂ ಪೊಟ್ಟಣ ಬೇಕಾದವರು ಎಷ್ಟು ಜನ? ಒಬ್ಬರೇ ಹೋಗಿ ಎಲ್ಲರಿಗೂ ತರಬಹುದೇ? ಬಿತ್ತನೆಗೆ ಎಷ್ಟು ದಿನ ಮೊದಲು?

ಚರ್ಚೆಯಲ್ಲಿ ಬಂದ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಕಟಾವಿನ ನಂತರ ಮತ್ತೆ ತೆಗೆದು ನೋಡಿ, ಈ ಸಲದ ಗೊಬ್ಬರ ಸಾಲದ ಲೆಕ್ಕವನ್ನೂ ಅದರ ಕೆಳಗೇ ಬರೆಯಿರಿ.